ಹೋದ ವರ್ಷದ ಸೀಸೆ

ಸಿರುಗುಪ್ಪ
೧೧ ಜೂನ್ ೧೯೭೯

ವಿರೂಪಮ್ಮನಿಗೆ,

‘ಇಲ್ಲಿ ಎಲ್ಲರೂ ಕ್ಷೇಮ’ ಎಂದು ಬರೆದು ಹೊಡೆದುಹಾಕಿದ್ದೇನೆ. ಮೇಲೆ ಕಾಣುವ ಗೀಟು ಅದೇ. ಕೂಸು ಪಾರೂ ಹಾಲು ಕುಡಿಯುತ್ತಿದ್ದಾಳೆ. ಕಣ್ಣಿನ ಪಾಪೆ ಮೊದಲಿನ ಹಾಗೆ ಬೆಳಕಿಗೆ ಕಿರಿದಾಗಿ, ನೆರಳಿಗೆ ಅಗಲವಾಗುತ್ತಿದೆ. ದಿನಕ್ಕೆ ಹತ್ತು ಸಲ ಟಾರ್ಚು ಬಿಟ್ಟು ನೋಡು ಎಂದು ನೀನು ಅಂದಿದ್ದೆ. ನನ್ನ ಕೈಯಲ್ಲಿ ಅದು ಮೂವತ್ತಾಗುತ್ತಿದೆ. ಅವಳು ಮಲಗಿದಾಗ ನಾನು ಮಲಗುವುದಿಲ್ಲ, ಎದೆ ಏರಿ ಇಳಿಯುವುದನ್ನು ಎಣಿಸುತ್ತೇನೆ. ನೂರಕ್ಕೆ ಬಂದರೆ ಮತ್ತೆ ಒಂದರಿಂದ.

ನಾವಿಬ್ಬರೂ ಬಳ್ಳಾರಿಯ ಹಾಸ್ಟೆಲಿನಲ್ಲಿ ಒಂದೇ ಕೋಣೆಯಲ್ಲಿದ್ದವರು. ನೀನು ಡಾಕ್ಟರಿಕೆಗೆ ಹೋದೆ, ನಾನು ಕೆಮಿಸ್ಟ್ರಿ ಹಿಡಿದು ಧಾರವಾಡಕ್ಕೆ, ಆಮೇಲೆ ಬೆಂಗಳೂರಿಗೆ. ನಿನ್ನ ನಾಲ್ಕು ಪತ್ರಗಳಿಗೆ ನಾನು ಉತ್ತರ ಬರೆಯಲಿಲ್ಲ. ದೊಡ್ಡ ಸಂಶೋಧನೆ ಮಾಡುತ್ತಿದ್ದೇನೆ ಅನ್ನುವ ಕೊಬ್ಬು. ಆರು ವರ್ಷದ ಮೇಲೆ ನೋಡಿದ್ದು ಹೀಗೆ: ನಿನ್ನ ವಾರ್ಡಿನ ಬಾಗಿಲಲ್ಲಿ, ಜೊಲ್ಲು ಸುರಿಸುತ್ತ ಬಟ್ಟೆಯಂತೆ ಜೋತುಬಿದ್ದ ಏಳು ತಿಂಗಳ ಕೂಸನ್ನು ಹೊತ್ತುಕೊಂಡು. ನೀನು ನನ್ನ ಮುಖ ನೋಡಲಿಲ್ಲ. ಕೂಸಿನ ಕಣ್ಣು ತೆರೆದು ನೋಡಿ, ನನ್ನ ಜಡೆ ಮೂಸಿ, “ತಲಿಗೆ ಯಾರು ಹಚ್ಚಿದ್ರು ಇದನ್ನ?” ಎಂದು ಕೂಗಿದೆ. ನನ್ನ ಅತ್ತೆ ಎರ್ರಮ್ಮ ಹಿಂದಿನಿಂದ, “ನಾನಾ ಹಚ್ಚೀನವ್ವ, ಹೇನಿಗೆ ಅಂತ” ಅಂದರು. ನೀನು ಹಾಗೇ ಬರೆದುಕೊಂಡೆ.

ಪಾರೂ ನನ್ನ ಜಡೆಯ ತುದಿ ಬಾಯಲ್ಲಿಟ್ಟುಕೊಂಡೇ ನಿದ್ದೆ ಹೋಗುವ ಕೂಸು. ಗದ್ದೆಯ ಹುಳಕ್ಕೆ ಹೊಡೆಯುವ ಔಷಧಿ, ಹಚ್ಚಿದ್ದು ನನ್ನ ತಲೆಗೆ, ಹೋದದ್ದು ಅವಳ ಹೊಟ್ಟೆಗೆ.

ಜಡೆಯನ್ನು ಕತ್ತರಿಸಿ ಹಿತ್ತಲಲ್ಲಿ ಹೂತೆ. ಉಳಿದ ಕೂದಲನ್ನು ಸೀಗೆಕಾಯಿ ಹಚ್ಚಿ ಎಷ್ಟು ಸಲ ತೊಳೆದೆನೋ, ನೆತ್ತಿ ಸುಲಿದಿದೆ. ಆದರೂ ಆ ವಾಸನೆ ಹೋಗಿಲ್ಲ. ಕೊಳೆತ ಬೆಳ್ಳುಳ್ಳಿಯ ವಾಸನೆ. ದಿಂಬಿನಲ್ಲಿದೆ, ತೊಟ್ಟಿಲ ಹಗ್ಗದಲ್ಲಿದೆ. ನೀನು ಹೇಳಿದಂತೆ ಐದು ದಿನ ಎದೆಹಾಲು ಹಿಂಡಿ ಬಚ್ಚಲಿಗೆ ಚೆಲ್ಲಿದೆ. ಬಚ್ಚಲಲ್ಲಿ ಅದು ಹುಳಿಯಾಗಿ ನೊಣ ಕೂತವು. ನನ್ನ ಮೈಯೇ ನನಗೆ ಹೇಸಿಗೆ. ಪಡಸಾಲೆಯಲ್ಲಿ ಔಷಧಿ ಅಂಗಡಿಯವರು ಕೊಟ್ಟ ಕ್ಯಾಲೆಂಡರ್ ಇತ್ತು, ಭತ್ತದ ತೆನೆ ಹಿಡಿದು ನಗುವ ಗುಂಡುಗುಂಡನೆಯ ಕೂಸು. ಅದನ್ನು ಗೋಡೆಯ ಕಡೆ ತಿರುಗಿಸಿಟ್ಟೆ.

ಅತ್ತೆಯನ್ನು ನಮ್ಮವರು ಕುರುಗೋಡಿಗೆ, ಅವರ ಅಣ್ಣನ ಮನೆಗೆ ಬಿಟ್ಟು ಬಂದರು. “ಕೂಸು ದೊಡ್ಡದಾಗೋ ತನಕ ನೀ ಇತ್ಲಾಗ ಬರಬ್ಯಾಡ” ಅಂದರಂತೆ. ಅತ್ತೆ ಏನೂ ಅನ್ನಲಿಲ್ಲವಂತೆ. ನಾನೂ ಏನೂ ಅನ್ನಲಿಲ್ಲ.

ನಿನ್ನ ಕೈಗೆ ಕೂಸಿನ ಋಣ,
ಅಕ್ಕನಾಗಮ್ಮ


ಬಳ್ಳಾರಿ
೨೦ ಜೂನ್ ೧೯೭೯

ನಾಗೂ,

ಟಾರ್ಚು ಹತ್ತೇ ಸಲ. ಕೂಸಿನ ಕಣ್ಣು ಸಿನೆಮಾ ಪರದೆಯಲ್ಲ.

ಕೊಬ್ಬಿನ ವಿಷಯ ಆಮೇಲೆ ಜಗಳಾಡೋಣ. ಈಗ ಒಂದು ಪ್ರಶ್ನೆ ಇದೆ, ವಾರ್ಡಿನ ನನ್ನ ಹಿರಿಯ ಡಾಕ್ಟರರಿಗೆ ಅದು ಪ್ರಶ್ನೆಯೇ ಅಲ್ಲ. ಈ ಬೇಸಿಗೆಯಲ್ಲಿ ಹೀಗೆ ಬಂದ ಮಕ್ಕಳು ನಿನ್ನದೂ ಸೇರಿ ಒಂಬತ್ತು. ಇಬ್ಬರು ಹೋದರು. ಒಂಬತ್ತೂ ಹೇನಿನ ಕತೆ, ಒಂಬತ್ತೂ ಭತ್ತದ ಸೀಮೆಯವು. ಮನೆಯವರನ್ನು ಬೈದರೆ ಎಲ್ಲರದೂ ಒಂದೇ ಮಾತು: “ಹೋದ ವರ್ಷದ್ದರೀ ಡಾಕ್ಟರಮ್ಮ, ಅದರ ಜೋರು ಹೋಗಿತ್ತು. ನಾಕೇ ಹನಿ ಹಾಕೀವಿ.” ಗದ್ದೆಗೆ ಹೊಡೆಯುವ ಕಾಲದಲ್ಲಿ ಹೊಸ ಔಷಧಿಯನ್ನು ಮೊಣಕೈವರೆಗೆ ಮೆತ್ತಿಕೊಂಡು ಬರುವ ಗಂಡಸರಿಗೂ ವಿಷ ಇಳಿಸಲು ಇಷ್ಟು ಅಟ್ರೋಪಿನ್ ಬೇಕಾಗುವುದಿಲ್ಲ. ಹಳ್ಳಿಯವರು ಅಳತೆ ಸುಳ್ಳು ಹೇಳುತ್ತಾರೆ ಅನ್ನುತ್ತಾರೆ ನನ್ನ ಹಿರಿಯರು. ಒಂಬತ್ತು ಮನೆಯವರು ಮಾತಾಡಿಕೊಂಡು ಒಂದೇ ಸುಳ್ಳು ಹೇಳುತ್ತಾರೇನು?

ನಿನ್ನವರು ತಂದು ತೋರಿಸಿದ ಸೀಸೆಗೆ ಚೀಟಿ ಇರಲಿಲ್ಲ, ಮೂಸಿದೆ. ಪ್ಯಾರಾಥಿಯಾನ್. ನೀನು ಬೆಂಗಳೂರಿನಲ್ಲಿ ಮೂರು ವರ್ಷ ಇದರದ್ದೇ ಲೆಕ್ಕ ಹಾಕಿದವಳು ಎಂದು ಹೇಳಿದವರೂ ಅವರೇ. ಹಾಗಾದರೆ ಹೇಳು: ಸಿರುಗುಪ್ಪದ ಬಿಸಿಲಿನಲ್ಲಿ ಒಂದು ವರ್ಷ ಕೂತರೆ ಆ ಸೀಸೆಯಲ್ಲಿ ಏನಾಗುತ್ತದೆ?

ನಿನ್ನ ಅತ್ತೆಯ ಮೇಲೆ ಸಿಟ್ಟಿದೆ. ಎರಡು ಹೆತ್ತ ಹೆಂಗಸು, ಬಾಣಂತಿಯ ತಲೆಗೆ ಅದನ್ನು ಹಚ್ಚಲು ಕೈ ಹೇಗೆ ಬಂತು?

ಇನ್ನೂ ಕೋಪದಲ್ಲಿರುವ,
ವಿರೂಪಮ್ಮ


ಸಿರುಗುಪ್ಪ
೮ ಜುಲೈ ೧೯೭೯

ವಿರೂ,

ನೀನು ಮೂಸಿ ಹೇಳಿದೆ. ನಾನು ಮೂರು ವರ್ಷ ಅದರ ಜೊತೆ ಇದ್ದೂ ಅದರ ವಾಸನೆ ಗೊತ್ತಿರಲಿಲ್ಲ.

ನಮ್ಮ ಸಂಸ್ಥೆಯಲ್ಲಿ ಅದರ ಒಂದು ಹನಿಯೂ ಇರಲಿಲ್ಲ. ಇದ್ದದ್ದು ತೂತು ಹೊಡೆದ ಕಾರ್ಡುಗಳು. ಒಂದೊಂದು ಪರಮಾಣು ಎಲ್ಲಿ ಕೂತಿದೆ ಎಂಬುದನ್ನು ಅಂಕಿಗಳಲ್ಲಿ ಕಾರ್ಡಿಗೆ ಹೊಡೆಸಿ, ಚಪ್ಪಲಿಯ ಡಬ್ಬಿಯಲ್ಲಿ ತುಂಬಿ, ಕಂಪ್ಯೂಟರ್ ಕೋಣೆಯ ಕಿಟಕಿಯಲ್ಲಿ ಕೊಡಬೇಕು. ಮರುದಿನ ಅಗಲ ಕಾಗದದ ಮೇಲೆ ಉತ್ತರ ಬರುತ್ತದೆ. ರಂಜಕದ ಪಕ್ಕ ಗಂಧಕ ಇದ್ದರೆ ರಂಜಕದ ಮೇಲಿನ ವಿದ್ಯುದಂಶ ಇಷ್ಟು, ಗಂಧಕ ತೆಗೆದು ಆಮ್ಲಜನಕ ಇಟ್ಟರೆ ಅಷ್ಟು ಹೆಚ್ಚು. ಹೆಚ್ಚಾದಷ್ಟೂ ಅದು ನರದ ಕಿಣ್ವವನ್ನು ಗಟ್ಟಿಯಾಗಿ ಹಿಡಿಯುತ್ತದೆ. ಆ ಅಂಕಿ ನಾನಂದುಕೊಂಡಂತೆಯೇ ಬಂದ ದಿನ ಚಪ್ಪಾಳೆ ತಟ್ಟಿದೆ. ನಮ್ಮ ಗೈಡ್ ಕಾಫಿ ಕೊಡಿಸಿದರು. “ಬ್ಯೂಟಿಫುಲ್” ಅಂದರು. ನಾನೂ ಅಂದೆ. ನರದ ಕಿಣ್ವ ಅಂದರೆ ಯಾರ ನರ ಎಂದು ಒಬ್ಬರೂ ಕೇಳಲಿಲ್ಲ.

ನಿನ್ನ ಪ್ರಶ್ನೆಗೆ ನನ್ನ ಊಹೆ ಇದು. ಕಾವು ಹೆಚ್ಚಾಗಿ, ತಿಂಗಳುಗಟ್ಟಲೆ ಕೂತರೆ, ಆ ಅಣುವಿನ ಒಳಗೇ ಗಂಧಕವೂ ಒಂದು ಆಮ್ಲಜನಕವೂ ಜಾಗ ಬದಲಿಸಬಹುದು. ಹೊರಗಿನಿಂದ ಏನೂ ಸೇರಬೇಕಿಲ್ಲ. ಹಾಗಾದರೆ ಹಳೆಯದು ಹೊಸದಕ್ಕಿಂತ ಕೆಟ್ಟದ್ದು. ಎಷ್ಟು ಕೆಟ್ಟದ್ದು ಎಂದು ಲೆಕ್ಕ ಹಾಕಬಹುದು. ಅಂಕಿಗಳನ್ನು ಕೈಯಲ್ಲಿ ಬರೆದು ಸಂಸ್ಥೆಯಲ್ಲಿರುವ ಹಾಲಸಿದ್ದಪ್ಪನಿಗೆ ಕಳಿಸಿದ್ದೇನೆ. ನನಗಿಂತ ಚಿಕ್ಕವನು, ಒಳ್ಳೆಯವನು, ಕಾರ್ಡು ಹೊಡೆಸಿ ಓಡಿಸುತ್ತಾನೆ. ಆದರೆ ಲೆಕ್ಕ ಲೆಕ್ಕವೇ. ಸೀಸೆಗಳಲ್ಲಿ ನಿಜಕ್ಕೂ ಹಾಗಾಗಿದೆಯೇ ಎಂದು ತಿಳಿಯಲು ಸೀಸೆಗಳೇ ಬೇಕು, ನಿನ್ನ ವಾರ್ಡಿನ ದಾಖಲೆಯೂ ಬೇಕು. ಯಾವ ಮನೆ, ಯಾವ ವರ್ಷದ್ದು, ಎಲ್ಲಿ ಇಟ್ಟಿದ್ದರು, ಎಷ್ಟು ಹನಿ.

ಇನ್ನೊಂದು. ಇದನ್ನು ಬರೆದ ಎರಡು ಹಾಳೆ ಹರಿದು ಹಾಕಿದ್ದೇನೆ, ಇದು ಮೂರನೆಯದು.

ಹಚ್ಚಿದ್ದು ಅತ್ತೆಯಲ್ಲ, ನಾನು. ಬಾಣಂತನದಲ್ಲಿ ತಲೆ ತುಂಬ ಹೇನಾಗಿತ್ತು. ಕೂಸಿನ ಕಿವಿಯ ಮೇಲೆ ಒಂದು ಹರಿಯುವುದನ್ನು ಕಂಡು ಮೈ ಜುಮ್ಮೆಂದಿತು. ಓಣಿಯ ಹೆಂಗಸರೆಲ್ಲ ಮಾಡುತ್ತಾರೆ. ತಗಡಿನ ಕೆಳಗಿನ ಗೂಡಿನಿಂದ ಸೀಸೆ ತೆಗೆದೆ. ಅತ್ತೆ ಅಡ್ಡ ಬಂದರು. “ಬ್ಯಾಡವ್ವ, ಹಾಲು ಕುಡಿಸೋ ತಾಯಿ ನೀನು. ಬೇವಿನೆಣ್ಣಿ ಹಚ್ಚಿ ಸೀರಣಿಗಿ ಎಳದು ಕೊಡತೀನಿ, ಕೂಡು” ಅಂದರು. ಕೂದಲ ಬುಡಕ್ಕೆ ಹತ್ತಿ ಎಳೆಯುವ ಆ ಸಣ್ಣ ಹಲ್ಲಿನ ಬಾಚಣಿಗೆ, ಬೇವಿನ ಗಬ್ಬು, ಎರಡೂ ನನಗೆ ಅಸಹ್ಯ. ನಾನು ಏನಂದೆ ಗೊತ್ತೇ? “ಅತ್ತಿ, ಇದು ಹಳೇದು. ಗಾಳಿ ಬೆಳಕಿಗೆ ಇದರ ಸತ್ವ ಒಡೆದು ಹೋಗಿರತೈತಿ. ನಾ ಇದನ್ನ ಓದೀನಿ.” ಓದಿದ್ದೇನೆ ಅಂದೆ, ವಿರೂ. ಅವರು ದಾರಿ ಬಿಟ್ಟರು.

ಇದನ್ನು ನಿನ್ನಲ್ಲೇ ಇಟ್ಟುಕೋ.

ಅ.


ಬಳ್ಳಾರಿ
೧೯ ಜುಲೈ ೧೯೭೯

ಅಕ್ಕನಾಗಮ್ಮ,

ನಿನ್ನ ಗುಟ್ಟು ಇಟ್ಟುಕೊಳ್ಳಲು ನನ್ನ ಹತ್ತಿರ ಜಾಗವಿಲ್ಲ. ಪತ್ರ ಓದಿ ಕೈ ತೊಳೆದುಕೊಂಡೆ. ಸುಳ್ಳಲ್ಲ, ಎದ್ದು ಹೋಗಿ ತೊಳೆದೆ.

ನೀನು ದಾಖಲೆ ಕೇಳುತ್ತೀ. ಆ ಒಂಬತ್ತು ಕೇಸ್ ಶೀಟುಗಳಲ್ಲಿ ಒಂದು ಸುಳ್ಳಿದೆ, ಅದು ನಿನ್ನ ಮಗಳದು. ‘ಅಜ್ಜಿ ಹಚ್ಚಿದ್ದು’ ಎಂದು ನನ್ನ ಕೈಯಿಂದಲೇ ಬರೆಸಿದಿರಿ ಇಬ್ಬರೂ. ಓದಿದವಳೇ ಹಚ್ಚಿಕೊಂಡಳು ಅನ್ನುವುದು ಸಣ್ಣ ವಿಷಯವಲ್ಲ. ಓದದವರು ತಿಳಿಯದೆ ಹಚ್ಚುತ್ತಾರೆ ಎಂದು ನಾನು ವಾರ್ಡಿನಲ್ಲಿ ದಿನಾ ಬೊಗಳುತ್ತಿದ್ದೆ. ಪಾಪದ ಹೆಂಗಸರು ತಲೆ ತಗ್ಗಿಸಿ ಕೇಳುತ್ತಿದ್ದರು.

ನಿಮ್ಮ ಗದ್ದೆ ಇರುವ ಕರೂರಿನಲ್ಲಿ ಮಹಿಳಾ ಮಂಡಲದವರು ಅಕ್ಟೋಬರಿನಲ್ಲಿ ನನ್ನನ್ನು ಕರೆದಿದ್ದಾರೆ. ಡಾಕ್ಟರು ಹೇಳಬೇಕಾದದ್ದು ನಾನು ಹೇಳುತ್ತೇನೆ. ಹಳೆಯ ಸೀಸೆಯ ಕೆಮಿಸ್ಟ್ರಿ ಹೇಳಲು ನೀನು ಬೇಕು, ಅದು ನನಗೆ ಬಾರದು. ಆದರೆ ಒಂದು ಕರಾರು. ನಿನ್ನ ಅತ್ತೆ ಇಲ್ಲದ ಸಭೆಗೆ ನಾನು ಬರುವುದಿಲ್ಲ. ಅವರನ್ನು ಕರೆದುಕೊಂಡು ಬಾ, ಹೇಳಬೇಕಾದದ್ದನ್ನು ಹೇಳಿ ಕರೆದುಕೊಂಡು ಬಾ. ಅಲ್ಲಿಯ ತನಕ ದಾಖಲೆಯ ಒಂದು ಸಾಲೂ ಕೊಡುವುದಿಲ್ಲ.

ಕೂಸಿಗೆ ಜ್ವರ ಬಂದರೆ ಮಾತ್ರ ಇದಾವುದೂ ಲೆಕ್ಕಕ್ಕಿಲ್ಲ, ಮೊದಲ ಬಸ್ಸಿಗೆ ಬಾ.

ಡಾ. ವಿರೂಪಮ್ಮ


ಕುರುಗೋಡು
೨ ಸೆಪ್ಟೆಂಬರ್ ೧೯೭೯

ಚಿರಂಜೀವಿ ಸೊಸಿ ಅಕ್ಕನಾಗಮ್ಮಗ ಎರ್ರಮ್ಮನ ಆಶೀರ್ವಾದ.

(ನಾನು ಗವಿಸಿದ್ದಪ್ಪ ಮಾಸ್ತರ, ಪಕ್ಕದ ಮನೆಯವನು. ಎರ್ರಮ್ಮನವರಿಗೆ ಬರೆಯಲು ಬಾರದ್ದರಿಂದ ಅವರು ಹೇಳಿದ್ದನ್ನು ಒಂದಕ್ಷರ ಬಿಡದೆ ಬರೆಯುತ್ತಿದ್ದೇನೆ.)

ಯವ್ವ, ಕೂಸು ಹ್ಯಾಂಗ ಐತಿ? ಹಲ್ಲು ಬಂದಾವೇನ? ಬಂದಿದ್ರ ಮೊದಲು ಮ್ಯಾಲ ಬಂದಾವೋ ಕೆಳಗ ಬಂದಾವೋ ಬರಿ. ನಾ ಇಲ್ಲಿ ಆರಾಮ ಅದೀನಿ. ಅಣ್ಣನ ದೊಡ್ಡ ಸೊಸಿ ಉಣ್ಣಾಕ ಹಾಕ್ತಾಳ, ಮಾತು ಹಾಕಂಗಿಲ್ಲ. ತನ್ನ ಕೂಸನ್ನ ನನ್ನ ಕೈಗೆ ಕೊಡಂಗಿಲ್ಲ. ಗುಡಿಗೆ ಹೋದರ ಹೆಂಗಸರು ಸರದು ಕೂಡ್ತಾರ. ಇರಲಿ. ನಂದೇನು ಹೋಗೋದೈತಿ ಈ ವಯಸ್ಸಿಗೆ.

ನೀ ಪತ್ರ ಹಾಕಿದ್ದಿ, ಮಾಸ್ತರು ಓದಿದ್ರು. ‘ಅತ್ತಿ, ನಿಮ್ಮ ಜೊತಿ ಒಂದು ಮಾತು ಐತಿ’ ಅಂತ ಬರದು ಅಲ್ಲಿಗೇ ನಿಲ್ಲಿಸಿದ್ದಿ. ನಿಲ್ಲಿಸಿದ್ದು ಚೊಲೋ ಆತು. ಅದನ್ನ ಬರಿಬ್ಯಾಡ. ನಾ ಆವತ್ತು ಬೇವಿನೆಣ್ಣಿ ಹಚ್ಚತೀನಿ ಕೂಡು ಅಂದಿದ್ದೆ, ನೀ ಕೇಳಲಿಲ್ಲ, ಆತು ಹೋತು. ಮಾಸ್ತರ, ಇದನ್ನ ಬರಿಬ್ಯಾಡ್ರಿ. ಬರದ್ರೇನು? ಹೊಡದು ಹಾಕ್ರಿ. ಯಾಕ ನಗತೀರಿ?

ತಲಿಗೆ ಸೀಗಿಕಾಯಿ ಭಾಳ ಹಾಕಬ್ಯಾಡ, ಕೂದಲ ಉದರತೈತಿ. ನನ್ನ ಸೀರಣಿಗಿ ಅಲ್ಲೇ ಬಚ್ಚಲ ಗೂಡಿನಾಗ ಐತಿ.

ಹೆಬ್ಬೆಟ್ಟು: ಎರ್ರಮ್ಮ

(ನಾನು ನಗಲಿಲ್ಲ, ತಂಗಿ. ಅವರು ಹೇಳಿದ್ದನ್ನು ಹೊಡೆದು ಹಾಕಲು ನನ್ನ ಕೈ ಬರಲಿಲ್ಲ. ಯಾರಿಗೂ ಹೇಳುವುದಿಲ್ಲ, ಹೇಳಬೇಕಾದವರು ಬೇರೆ ಇದ್ದಾರೆ ಎಂದು ತೋರುತ್ತದೆ. ಗ.)


ಸಿರುಗುಪ್ಪ
೧೪ ಅಕ್ಟೋಬರ್ ೧೯೭೯

ವಿರೂ,

ನೀನು ನಿನ್ನ ಪಾಲು ಹೇಳಿ ಡ್ಯೂಟಿಗೆಂದು ನಾಲ್ಕರ ಬಸ್ಸಿಗೆ ಹೊರಟುಬಿಟ್ಟೆ. ಕರಾರಿನಂತೆ ಅತ್ತೆ ಮುಂದಿನ ಸಾಲಿನಲ್ಲಿ ಕೂತಿದ್ದನ್ನು ನೋಡಿದೆ, ಅವರು ಹೇಗೆ ಬಂದರು ಎಂದು ಕೇಳಲು ಹೊತ್ತಿರಲಿಲ್ಲ. ಅದನ್ನೂ, ನೀನು ಹೋದ ಮೇಲಿನದನ್ನೂ ಬರೆಯುತ್ತೇನೆ.

ಸಭೆಯ ಹಿಂದಿನ ದಿನ ನಾವು ಮೂವರೂ ಕುರುಗೋಡಿಗೆ ಹೊರಟೆವು. ಬಳ್ಳಾರಿಯಲ್ಲಿ ಬಸ್ಸು ಬದಲಿಸುವಾಗ, ಶೇಂಗಾ ಮಾರುವವಳು ಕೂಗುತ್ತಿರುವಾಗ, ಹಚ್ಚಿದ್ದು ನಾನೇ ಎಂದು ನಮ್ಮವರಿಗೆ ಹೇಳಿದೆ. ನಮ್ಮವರು, ಕೊಟ್ರಬಸಪ್ಪ ಮಾಸ್ತರು, ಕ್ಲಾಸಿನಲ್ಲಿ ದನಿ ಏರಿಸಿದ್ದನ್ನು ಯಾರೂ ಕೇಳಿಲ್ಲ ಅನ್ನುತ್ತಾರೆ. ಇಲ್ಲಿಯೂ ಏರಿಸಲಿಲ್ಲ. ನನ್ನ ತೊಡೆಯ ಮೇಲಿದ್ದ ಪಾರೂನನ್ನು ಎತ್ತಿಕೊಂಡು ಬಸ್ಸಿನ ಮುಂದಿನ ಸೀಟಿಗೆ ಹೋಗಿ ಕೂತರು. ಕುರುಗೋಡು ಬರುವ ತನಕ ಹಿಂತಿರುಗಿ ನೋಡಲಿಲ್ಲ. ಅಲ್ಲಿ ಅವ್ವನ ಮುಂದೆ ನಿಂತು, “ಯಾಕವ್ವ? ಯಾಕ ನಿನ್ನ ಮ್ಯಾಲ ಹಾಕ್ಕೊಂಡಿ?” ಅಂದರು.

ಅತ್ತೆ ಪಾರೂನ ಬಾಯಲ್ಲಿ ಬೆರಳಿಟ್ಟು ಹಲ್ಲು ಹುಡುಕುತ್ತಿದ್ದರು. “ಆಕಿ ಅಂತ ಗೊತ್ತಾಗಿದ್ರ ಊರು ಬಿಡ್ತಿತ್ತೇನ? ಕೂಸನ್ನ ಕೊಲ್ಲಾಕ ಹೋದ ತಾಯಿ ಅಂತಿದ್ರು. ನೀನೂ ಅಂತಿದ್ದಿ. ಹಾಲು ಕುಡಿಯೋ ಕೂಸು, ತಾಯಿನ್ನ ಬಿಡಿಸಿದ್ರ ಯಾರ ಹತ್ರ ಹೋಗಬೇಕಿತ್ತು, ನಿನ್ನ ಹತ್ರ? ಕೆಳಗ ಎರಡು ಬಂದಾವ ನೋಡು” ಅಂದರು.

ನನ್ನ ಕಡೆ ನೋಡಲಿಲ್ಲ. ಕರೂರಿಗೆ ಬರುತ್ತೀರಾ ಅಂದೆ. “ನಮ್ಮ ಹೊಲ ಐತಿ, ಬರತೀನಿ. ನಿನ್ನ ಸಲುವಾಗಿ ಅಲ್ಲ” ಅಂದರು.

ಇನ್ನು ಕರೂರಿನ ಸಾಲೆಯ ಕಟ್ಟೆ. ನೀನು ಹೋದ ಮೇಲೆ ನಾನು ಬದನೆಕಾಯಿ, ನಿಂಬೆ, ಉಳ್ಳಾಗಡ್ಡಿ ತೆಗೆದು ಜೋಳದ ದಂಟಿನ ಕಡ್ಡಿ ಚುಚ್ಚತೊಡಗಿದೆ. ಬದನೆಕಾಯಿ ರಂಜಕ, ನಿಂಬೆ ಗಂಧಕ, ಉಳ್ಳಾಗಡ್ಡಿ ಆಮ್ಲಜನಕ. “ಭಾಷಣ ಅಂದ್ರು, ಈಕಿ ಪಲ್ಯ ಮಾಡಾಕ ಬಂದಾಳ” ಎಂದು ಗಿಡ್ಡಮ್ಮ ಅನ್ನುವವಳು ಕೂಗಿದಳು. ನಾಟಿಯ ಗುಂಪಿಗೆ ಮುಂದಾಳು ಅವಳು. ಎಲ್ಲರೂ ನಕ್ಕರು, ನಾನೂ ನಕ್ಕೆ. ಬಿಸಿಲಿಗೆ ನಿಂಬೆ ಉಳ್ಳಾಗಡ್ಡಿ ಜಾಗ ಬದಲಿಸುವುದನ್ನು ತೋರಿಸಿದೆ. ವರ್ಷ ಕಳೆದರೆ ಜೋರು ಹೋಗುವುದಿಲ್ಲ, ಏರಲೂಬಹುದು ಅಂದೆ. ಇದು ನನ್ನ ಊಹೆ, ಲೆಕ್ಕ ಇನ್ನೂ ಬರಬೇಕು, ಸೀಸೆ ಪರೀಕ್ಷೆ ಇನ್ನೂ ಆಗಬೇಕು ಎಂದೂ ಅಂದೆ.

ಗಿಡ್ಡಮ್ಮ ಎದ್ದು ನಿಂತಳು. “ಯಕ್ಕ, ನೀ ಹೇಳೋದು ಬದನಿಕಾಯಿ ಕತಿ. ನಾವು ಹತ್ತು ವರ್ಷ ಹಚ್ಚೀವಿ, ಹೇನು ಸತ್ತಾವ, ನಾವು ಸತ್ತಿಲ್ಲ. ನಿನ್ನಂಥಾ ಓದಿದಾಕಿಗೆ ಹೇನು ಅಂದ್ರೇನು ಗೊತ್ತು?”

ಸೆರಗು ತೆಗೆದೆ. ಕುತ್ತಿಗೆಗೆ ಕತ್ತರಿಸಿದ ಕೂದಲು ತೋರಿಸಿದೆ. “ನಾನಾ ಹಚ್ಚಿಕೊಂಡೆ. ಹೋದ ವರ್ಷದ್ದು. ನನ್ನ ಕೂಸು ಜಡಿ ಚೀಪಿತು. ಡಾಕ್ಟರಮ್ಮ ಈಗ ಹೇಳಿದ್ರಲ್ಲ ಒಂಬತ್ತು ಕೂಸು, ಅದರಾಗ ಒಂದು ನಂದು. ಅತ್ತಿ ಬ್ಯಾಡಂದ್ರು. ಓದೀನಿ ಅಂತ ಹೇಳಿ ಅವರ ಬಾಯಿ ಮುಚ್ಚಿಸಿದೆ. ಆಮ್ಯಾಲ ಅವರ ಮ್ಯಾಲ ಹೊರಿಸಿ ಐದು ತಿಂಗಳು ಸುಮ್ಮನ ಕೂತೆ.”

ಗಿಡ್ಡಮ್ಮ ಪಕ್ಕಕ್ಕೆ ತಿರುಗಿ ಉಗುಳಿದಳು. ಎಲೆಯಡಿಕೆಯ ಕೆಂಪು ಉಗುಳು ಕಟ್ಟೆಯ ಕಲ್ಲಿನ ಮೇಲೆ ಬಿತ್ತು. ನನ್ನ ಮೇಲೆ ಬಿದ್ದಿದ್ದರೆ ಒರೆಸಿಕೊಳ್ಳಬಹುದಿತ್ತು. “ಥೂ, ನೀನೂ ಒಬ್ಬ ತಾಯೇನ!” ಎಂದು ಹೊರಟೇಬಿಟ್ಟಳು. ಅವಳ ಹಿಂದೆ ಮತ್ತೆ ಕೆಲವರು. ಕಟ್ಟೆ ಅರ್ಧ ಖಾಲಿಯಾಯಿತು. ಬದನೆಕಾಯಿ ಕೈಯಲ್ಲೇ ಇತ್ತು.

ಸ್ವಲ್ಪ ಹೊತ್ತಿಗೆ ಗಿಡ್ಡಮ್ಮ ತಿರುಗಿ ಬಂದಳು. ಸೆರಗಿನ ತುದಿಯಲ್ಲಿ ಸುತ್ತಿ, ಮೈಯಿಂದ ದೂರ ಹಿಡಿದು, ಒಂದು ಸೀಸೆ. ನನ್ನ ಮುಂದೆ ಇಟ್ಟಳು. “ಹಂಚಿನ ಕೆಳಗಿತ್ತು. ಎರಡು ವರ್ಷದ್ದು. ನನ್ನ ಮಗಳಿಗೆ ನಾಳೆ ಹಚ್ಚೋದಿತ್ತು” ಅಂದಳು. ಇಷ್ಟು ಹೇಳಿ ಮತ್ತೊಮ್ಮೆ ಉಗುಳಿದಳು, ಈ ಸಲ ಯಾರಿಗೋ ತಿಳಿಯಲಿಲ್ಲ. ಎದ್ದು ಹೋದ ಉಳಿದವರೂ ಒಬ್ಬೊಬ್ಬರೇ ಬಂದರು. ಕತ್ತಲಾಗುವ ಮೊದಲು ಹದಿನೇಳು ಸೀಸೆ. ಒಂದರ ಬಾಯಿಗೆ ಕೂಸಿನ ಹಳೆಯ ಅಂಗಿಯ ಚೂರು ತುರುಕಿದ್ದರು.

ನೀನು ಕೇಳಿದ್ದ ಲೆಕ್ಕ ನಿನ್ನೆ ಬಂತು. ಹಾಲಸಿದ್ದಪ್ಪ ಸುರುಳಿ ಕಾಗದ ಕಳಿಸಿದ್ದಾನೆ. ಜಾಗ ಬದಲಾದ ಅಣುವಿನಲ್ಲಿ ರಂಜಕದ ಮೇಲಿನ ವಿದ್ಯುದಂಶ ಏರಿದೆ, ಊಹೆಗಿಂತ ಹೆಚ್ಚು. ಚಪ್ಪಾಳೆ ತಟ್ಟಲಿಲ್ಲ. ಜೊತೆಗೆ ಗೈಡ್ ಅವರದೊಂದು ಚೀಟಿ: ‘ಲೆಕ್ಕ ಚೆನ್ನಾಗಿದೆ, ಬಂದು ಪ್ರಬಂಧ ಮುಗಿಸಿ. ಆಸ್ಪತ್ರೆಯ ಕತೆ, ಹಳ್ಳಿಯ ಪ್ರಚಾರ ಇವನ್ನು ಇದರಲ್ಲಿ ಬೆರೆಸಬೇಡಿ, ಅದು ರಸಾಯನಶಾಸ್ತ್ರವಲ್ಲ.’ ಓದಿ ಮಡಿಚಿ, ಕಳ್ಳು ಕುಡಿದವನ ಉಸಿರಿಗೆ ತಿರುಗುವಂತೆ ಮುಖ ತಿರುಗಿಸಿದೆ. ಉತ್ತರ ಬರೆದಿದ್ದೇನೆ. ಪ್ರಬಂಧದಲ್ಲಿ ಇಬ್ಬರ ಹೆಸರಿರುತ್ತದೆ, ಒಂದು ನನ್ನದು, ಒಂದು ಬಳ್ಳಾರಿಯ ಮಕ್ಕಳ ವಾರ್ಡಿನ ಡಾಕ್ಟರದು. ಬೇಡವೆಂದರೆ ಬೇರೆ ಕಡೆ ಕಳಿಸುತ್ತೇವೆ. ನೀನು ಈಗ ಆ ಕೇಸ್ ಶೀಟು ತಿದ್ದು. ‘ತಾಯಿ ಹಚ್ಚಿದ್ದು. ತಾಯಿ ಎಂ.ಎಸ್ಸಿ.’ ಎಂದು ಬರಿ.

ಸೀಸೆಗಳು ನಮ್ಮ ಹಿತ್ತಲಲ್ಲಿವೆ, ನೆರಳಿನಲ್ಲಿ, ಮರಳು ತುಂಬಿದ ಪೆಟ್ಟಿಗೆಯಲ್ಲಿ. ಒಂದೊಂದಕ್ಕೂ ಚೀಟಿ ಅಂಟಿಸಿದ್ದೇನೆ: ಮನೆ, ವರ್ಷ, ಇಟ್ಟ ಜಾಗ. ಈಗ ಆ ವಾಸನೆ ಬಾಗಿಲಿನಿಂದಲೇ ಗೊತ್ತಾಗುತ್ತದೆ. ನಮ್ಮವರು ಇನ್ನೂ ನನ್ನ ಜೊತೆ ಪೂರಾ ಮಾತಾಡುತ್ತಿಲ್ಲ. ಆದರೆ ಪೆಟ್ಟಿಗೆಗೆ ಬೀಗ ತಂದು ಹಾಕಿದರು.

ಅತ್ತೆ ಇಲ್ಲೇ ಇದ್ದಾರೆ. ಇರುತ್ತೀರಾ ಎಂದು ನಾನು ಕೇಳಿಲ್ಲ, ಇರುತ್ತೇನೆ ಎಂದು ಅವರೂ ಹೇಳಿಲ್ಲ. ಇವತ್ತು ಮಧ್ಯಾಹ್ನ ಬಚ್ಚಲ ಗೂಡಿನಿಂದ ಸೀರಣಿಗೆ ತಂದು, ನನ್ನನ್ನು ಅಂಗಳದಲ್ಲಿ ಕೂಡಿಸಿದರು. ಬೇವಿನೆಣ್ಣೆ ಕುತ್ತಿಗೆಗೆ ಇಳಿಯುತ್ತಿತ್ತು. ಅದರ ಗಬ್ಬು ನನಗೆ ಈಗಲೂ ಹಿಡಿಸುವುದಿಲ್ಲ, ಸುಳ್ಳು ಹೇಳಲಾರೆ. ಎಳೆದು ಎಳೆದು ಹೇನನ್ನು ಉಗುರಿನ ಮೇಲೆ ಕುಕ್ಕುತ್ತ ಅವರು ಕೇಳಿದರು:

“ಆ ಹದಿನೇಳನ್ನೂ ಪರೀಕ್ಷಾ ಮಾಡಿದ ಮ್ಯಾಲ ಎಲ್ಲಿ ಚೆಲ್ಲತಿ? ಕಾಲುವಿಗೆ ಹಾಕಿದ್ರ ಮೀನು ಸಾಯ್ತಾವ. ಹೂತರ ಬಾವಿಗೆ ಇಳೀತೈತಿ.”

“ಗೊತ್ತಿಲ್ಲ ಅತ್ತಿ.”

“ಇಷ್ಟು ಓದಿ ಗೊತ್ತಿಲ್ಲ?”

“ಇಲ್ಲ. ನಮಗ ಅದನ್ನ ಯಾರೂ ಕಲಿಸಲಿಲ್ಲ.”

ಅತ್ತೆ ಸೀರಣಿಗೆಯ ಹಲ್ಲನ್ನು ಸೆರಗಿಗೆ ಒರೆಸಿದರು.

“ಹಂಗಾರ ಇನ್ನೊಂದಿಷ್ಟು ಓದು” ಅಂದರು. “ಅಲ್ಲೀತನಕ ತಲಿ ಕೆಳಗ ಮಾಡು, ಇನ್ನೂ ಭಾಳ ಅದಾವ.”

ದಾಖಲೆಗಾಗಿ ಕಾಯುತ್ತಿರುವ,
ನಾಗೂ